ಹಳಿಗುಂಟ ಸಾಗಿದ ರಂಗಭೂಮಿ: ಗುಬ್ಬಿಯಿಂದ ಬನಶಂಕರಿಗೆ

ಶುಕ್ರವಾರ, ಗುಬ್ಬಿ

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಗುಬ್ಬಿ, ತೆಂಗು ಮತ್ತು ಅಡಿಕೆ ತೋಟಗಳ ನಡುವಿನ ಒಂದು ತಾಲ್ಲೂಕು ಕೇಂದ್ರ. ಊರಿನ ಗಾತ್ರಕ್ಕೂ ಊರಿನ ಹೆಸರಿಗೂ ಇಷ್ಟು ಅಂತರವಿರುವ ಸ್ಥಳ ಕನ್ನಡ ನಾಡಿನಲ್ಲಿ ಮತ್ತೊಂದು ಇರಲಾರದು. ಗುಬ್ಬಿ ಎಂದರೆ ಹಳೆಯ ತಲೆಮಾರಿನವರಿಗೆ ಮೊದಲು ನೆನಪಾಗುವುದು ಊರಲ್ಲ, ಅಲ್ಲಿ ಹುಟ್ಟಿದ ನಾಟಕ ಕಂಪನಿ. ಆ ಕಂಪನಿಯ ಜಾಡನ್ನು ಅದು ಹುಟ್ಟಿದ ಊರಿನಿಂದಲೇ ಹಿಡಿದು, ಇಂದಿಗೂ ಟಿಕೆಟ್ ಮಾರಿ ಬದುಕುತ್ತಿರುವ ವೃತ್ತಿ ನಾಟಕ ಮಂಡಳಿಗಳು ಬೀಡುಬಿಡುವ, ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯವರೆಗೆ, ಸಾಧ್ಯವಾದಷ್ಟೂ ರೈಲಿನಲ್ಲಿಯೇ ಹೋಗಬೇಕೆಂಬುದು ಈ ಪ್ರವಾಸದ ಉದ್ದೇಶ. ಪುಷ್ಯ ಮಾಸದ ಹುಣ್ಣಿಮೆ ಕಳೆದು ಜಾತ್ರೆ ಕಳೆಕಟ್ಟಿರುವ ದಿನಗಳನ್ನು ನೋಡಿಕೊಂಡೇ ಹೊರಟಿದ್ದೆ.

ಬೆಳಿಗ್ಗೆ ಮೊದಲು ಹೋದದ್ದು ಗೋಸಲ ಚನ್ನಬಸವೇಶ್ವರ ಸ್ವಾಮಿಯ ದೇವಾಲಯಕ್ಕೆ. 1884ರಲ್ಲಿ ಊರಿನ ಕೆಲವು ಆಸಕ್ತರು ಸೇರಿ ಕಟ್ಟಿದ ತಂಡ ಈ ದೇವರ ಹೆಸರನ್ನೇ ಇಟ್ಟುಕೊಂಡು ‘ಶ್ರೀ ಚನ್ನಬಸವೇಶ್ವರ ನಾಟಕ ಸಂಘ’ವಾಯಿತು, ಚಂದಣ್ಣನವರು ಅದರ ಮೊದಲ ಮಾಲೀಕರು. ಊರಿನ ದೇವರ ಹೆಸರಿನಲ್ಲಿ ಕಂಪನಿ ಕಟ್ಟುವ ಈ ಪದ್ಧತಿ ಮುಂದೆ ಎಷ್ಟು ವ್ಯಾಪಕವಾಯಿತೆಂದರೆ, ಇಂದಿಗೂ ಉತ್ತರ ಕರ್ನಾಟಕದ ಯಾವುದೇ ನಾಟ್ಯ ಸಂಘದ ಫಲಕವನ್ನು ಓದಿದರೆ ಒಬ್ಬ ದೇವರೋ ಒಬ್ಬ ಶರಣರೋ ಮೊದಲು ಸಿಗುತ್ತಾರೆ, ಆಮೇಲೆ ಊರು, ಕೊನೆಗೆ ಮಾಲೀಕರು.

ತುಮಕೂರು ಸೀಮೆಗೆ ನಾಟಕವೆಂಬುದು ಹೊಸದಾಗಿರಲಿಲ್ಲ. ಮೂಡಲಪಾಯ ಯಕ್ಷಗಾನ ಇಲ್ಲಿ ಬಹಳ ಹಿಂದಿನಿಂದಲೂ ಇತ್ತು. ಸುಗ್ಗಿ ಮುಗಿದ ಮೇಲೆ ರೈತರೇ ಕಲಿತು, ಊರ ಮುಂದಿನ ಬಯಲಿನಲ್ಲಿ ಬೆಳಗಿನವರೆಗೆ ಆಡುವ ಆಟ ಅದು, ಮತ್ತು ಅದನ್ನು ನೋಡಲು ಯಾರೂ ಹಣ ಕೊಡಬೇಕಾಗಿರಲಿಲ್ಲ. ಅತ್ತ ಮೈಸೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ ಆರಂಭದಲ್ಲಿಯೇ ಅರಮನೆಯ ಕಂಪನಿ ಹುಟ್ಟಿತ್ತು. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿಕೊಂಡ ಕಾಲ ಅದು. ಬಯಲಾಟಕ್ಕೆ ಊರು ಆಧಾರ, ಅರಮನೆಯ ನಾಟಕಕ್ಕೆ ಖಜಾನೆ ಆಧಾರ. ಗುಬ್ಬಿಯ ತಂಡಕ್ಕೆ ಇವೆರಡೂ ಇರಲಿಲ್ಲ. ಪಾರ್ಸಿ ನಾಟಕ ಕಂಪನಿಗಳು ತೋರಿಸಿಕೊಟ್ಟಿದ್ದ ಬಣ್ಣದ ಪರದೆ, ಪಕ್ಕದ ಸೈಡ್‌ವಿಂಗ್‌, ಹಾರ್ಮೋನಿಯಂ, ಮುಂಗಡ ಹಂಚುವ ಹ್ಯಾಂಡ್‌ಬಿಲ್ಲು ಇವನ್ನೆಲ್ಲ ತನ್ನದಾಗಿಸಿಕೊಂಡು, ಅಪರಿಚಿತ ಊರಿನ ಅಪರಿಚಿತ ಜನ ಗೇಟಿನಲ್ಲಿ ಕೊಡುವ ಕಾಸನ್ನೇ ನಂಬಿ ಅದು ಬದುಕಬೇಕಾಗಿತ್ತು. ವೃತ್ತಿ ರಂಗಭೂಮಿಯ ಗುಣದೋಷಗಳೆರಡೂ ಈ ಒಂದು ಸಂಗತಿಯಿಂದಲೇ ಹೊರಟವು ಎಂದು ನಾನು ನಂಬಿದ್ದೇನೆ.

ದೇವಸ್ಥಾನದಿಂದ ರೈಲು ನಿಲ್ದಾಣದ ಕಡೆಗೆ ನಡೆದೆ. ಕಂಪನಿ ಹುಟ್ಟಿದ 1884ರಲ್ಲಿಯೇ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಆ ದಶಕ ಮುಗಿಯುವ ಹೊತ್ತಿಗೆ ಹಳಿ ಗುಬ್ಬಿಯನ್ನು ಹಾದು ತಿಪಟೂರು, ಅರಸೀಕೆರೆ, ಬೀರೂರು, ದಾವಣಗೆರೆಗಳ ಮೂಲಕ ತುಂಗಭದ್ರೆಯ ದಡದ ಹರಿಹರವನ್ನು ಮುಟ್ಟಿತ್ತು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಅನುಭವ ಈ ಭಾಗದ ಹಳಿಗಳ ಹಿಂದೆ ಇದೆ. ಕಾಳು ಸಾಗಿಸಲು ಬಂದ ಗಾಡಿಯಲ್ಲಿಯೇ ಪರದೆಗಳೂ ಪೆಟ್ಟಿಗೆಗಳೂ ಸಾಗಿದವು. ಎತ್ತಿನ ಗಾಡಿಯಲ್ಲಿ ಹೋಗುವ ತಂಡ ಎರಡು ಮೂರು ಪರದೆಗಿಂತ ಹೆಚ್ಚು ಹೊರಲಾರದು. ರೈಲಿನ ವ್ಯಾಗನ್ ಸಿಕ್ಕ ಕಂಪನಿ ಒಂದು ಇಡೀ ಅರಮನೆಯನ್ನೂ ಒಂದು ಕಾಡನ್ನೂ ಜೊತೆಗೆ ಒಯ್ಯಬಹುದು. ಕಂಪನಿಯ ನಾಟಕ ಅದ್ಧೂರಿಯಾಗಲು ಕಲಾವಿದರ ಕಲ್ಪನೆ ಎಷ್ಟು ಕಾರಣವೋ ಹಳಿಯೂ ಅಷ್ಟೇ ಕಾರಣ.

ನಿಲ್ದಾಣದ ಹತ್ತಿರ ಕೊಬ್ಬರಿ ವ್ಯಾಪಾರದಿಂದ ನಿವೃತ್ತರಾದ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. ಕಂಪನಿಯ ನಾಟಕಗಳನ್ನು ಈ ಊರಿನಲ್ಲಿ ನೋಡಿದ್ದೀರಾ ಎಂದು ಕೇಳಿದಾಗ, “ಕಂಪ್ನಿ ಇಲ್ಲೆಲ್ಲಿ ನಿಂತಿರ್ತಿತ್ತು ಸ್ವಾಮಿ? ನಮ್ಮಪ್ಪ ನೋಡಿದ್ದೂ ಬೆಂಗ್ಳೂರಲ್ಲಿ, ನಾನು ನೋಡಿದ್ದೂ ಬೆಂಗ್ಳೂರಲ್ಲಿ. ಹೆಸ್ರು ಮಾತ್ರ ನಮ್ದು,” ಎಂದರು. ಆ ಮಾತಿನಲ್ಲಿ ಕೊರಗಿರಲಿಲ್ಲ, ಹೆಮ್ಮೆಯೇ ಇತ್ತು. ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಗುಬ್ಬಿಯಲ್ಲಿಯೇ ನಿಂತಿದ್ದರೆ ಒಂದು ವರ್ಷವೂ ಉಳಿಯುತ್ತಿರಲಿಲ್ಲ. ಸಣ್ಣ ಊರಿನ ಪ್ರೇಕ್ಷಕರೆಲ್ಲ ನಾಟಕ ನೋಡಿ ಮುಗಿಸಲು ಕೆಲವು ರಾತ್ರಿಗಳು ಸಾಕು, ಆಮೇಲೆ ಕಲೆಕ್ಷನ್ ಬೀಳುತ್ತದೆ. ಹಾಗಾಗಿ ಇಂಥ ಕಂಪನಿಯ ಚರಿತ್ರೆಯನ್ನು ಅದರ ಸ್ವಂತ ಊರಿನಲ್ಲಿ ಹುಡುಕುವುದಕ್ಕಿಂತ ಅದು ಮೊಕ್ಕಾಂ ಮಾಡಿದ ಊರುಗಳಲ್ಲಿ ಹುಡುಕುವುದೇ ಸರಿಯಾದ ದಾರಿ.

ಈ ಕಂಪನಿಗೆ ಚಿಕ್ಕ ಹುಡುಗನಾಗಿ ಸೇರಿ, 1917ರಲ್ಲಿ ಅದರ ಮಾಲೀಕತ್ವ ವಹಿಸಿಕೊಂಡ ವೀರಣ್ಣನವರು ಗುಬ್ಬಿಯ ಹೆಸರನ್ನು ತಮ್ಮ ಹೆಸರಿನ ಭಾಗವನ್ನಾಗಿ ಮಾಡಿಕೊಂಡರು. ಸದಾರಮೆ ನಾಟಕದಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರ ಅವರನ್ನು ಹಾಸ್ಯನಟರಾಗಿ ಮನೆಮಾತಾಗಿಸಿತು. ಮಾಲೀಕರೇ ಹಾಸ್ಯಪಾತ್ರಧಾರಿಯಾಗಿದ್ದುದು ಕಂಪನಿಯ ಸ್ವಭಾವವನ್ನು ರೂಪಿಸಿತೆಂದು ತೋರುತ್ತದೆ: ಪ್ರೇಕ್ಷಕ ಎಲ್ಲಿ ಬೇಸರಗೊಳ್ಳುತ್ತಾನೆ, ಎಲ್ಲಿ ಮುಂದಕ್ಕೆ ಬಾಗುತ್ತಾನೆ ಎಂಬುದು ಹಾಸ್ಯಗಾರನಿಗೆ ತಿಳಿದಷ್ಟು ರಾಜಪಾತ್ರದವನಿಗೆ ತಿಳಿಯುವುದಿಲ್ಲ. ಒಂದು ತಂಡ ಸಾಲದೆ ಶಾಖೆಗಳಾದವು, ಮಕ್ಕಳದೇ ಒಂದು ಶಾಖೆಯಾಯಿತು, ಕಂಪನಿ ಆಂಧ್ರ ಮತ್ತು ತಮಿಳುನಾಡುಗಳವರೆಗೂ ಹೋಯಿತು. ಬಿ. ಪುಟ್ಟಸ್ವಾಮಯ್ಯನವರು ಬರೆದ ಕುರುಕ್ಷೇತ್ರವನ್ನು ನಿಜವಾದ ಆನೆ, ಕುದುರೆಗಳನ್ನು ತಂದು ರಂಗದ ಮೇಲೆ ತೋರಿಸಿದ್ದು ಇಂದಿಗೂ ದಂತಕತೆಯಂತೆ ಹೇಳಲ್ಪಡುತ್ತದೆ. ಆನೆಯ ಕಥೆ ಎಲ್ಲರಿಗೂ ಗೊತ್ತು; ಅದಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಅಷ್ಟು ಜನರಿಗೆ ವರ್ಷವಿಡೀ ಊಟ ಹಾಕಿ, ಮಳೆಗಾಲದಲ್ಲಿ ಕಲೆಕ್ಷನ್ ಇಲ್ಲದಿದ್ದಾಗಲೂ ತಂಡವನ್ನು ಚದುರಗೊಡದೆ ಉಳಿಸಿಕೊಂಡ ವ್ಯವಸ್ಥೆ.

ಶನಿವಾರ, ಗುಬ್ಬಿಯಿಂದ ದಾವಣಗೆರೆಗೆ

ಮುಂಜಾನೆಯ ರೈಲಿನಲ್ಲಿ ಹೊರಟೆ. ತಿಪಟೂರಿನವರೆಗೆ ತೆಂಗಿನ ತೋಟಗಳು, ಅರಸೀಕೆರೆ ಕಳೆದ ಮೇಲೆ ಬಯಲು. ಈ ಹಳಿಯ ಮೇಲಿನ ಪ್ರತಿಯೊಂದು ನಿಲ್ದಾಣವೂ ಒಂದು ಕಾಲಕ್ಕೆ ಯಾವುದಾದರೊಂದು ಕಂಪನಿಯ ಕ್ಯಾಂಪ್ ಆಗಿದ್ದಿರಬೇಕು ಎಂದುಕೊಳ್ಳುತ್ತ ಕಿಟಕಿಯ ಬಳಿ ಕುಳಿತಿದ್ದೆ.

ಕಂಪನಿಯ ಕ್ಯಾಂಪ್ ಬದಲಾಗುವ ಕ್ರಮವನ್ನು ಹಳೆಯ ಕಲಾವಿದರಿಂದ ಹಿಂದೆಯೂ ಕೇಳಿ ತಿಳಿದಿದ್ದೆ. ಮ್ಯಾನೇಜರ್ ಮೊದಲೇ ಹೋಗಿ ಜಾಗ ಗೊತ್ತುಮಾಡಿ, ಪರವಾನಗಿ ಪಡೆದು, ಬಿದಿರು ತಗಡುಗಳನ್ನು ಒದಗಿಸಿಕೊಂಡು ಥಿಯೇಟರ್ ಎಬ್ಬಿಸುವ ಏರ್ಪಾಡು ಮಾಡುತ್ತಾನೆ. ಹಿಂದಿನ ಊರಿನಲ್ಲಿ ಕೊನೆಯ ಆಟ ಮುಗಿದ ರಾತ್ರಿಯೇ ಪರದೆಗಳನ್ನು ಬಿಚ್ಚಿ ಸುತ್ತಿ, ವೇಷಭೂಷಣದ ಪೆಟ್ಟಿಗೆಗಳನ್ನು ಕಟ್ಟಿ, ಅಡುಗೆಯ ಪಾತ್ರೆಗಳನ್ನು ಕಡೆಯಲ್ಲಿ ಹೇರಲಾಗುತ್ತದೆ. ಹೊಸ ಊರಿನಲ್ಲಿ ಇಳಿದ ಮೇಲೆ ಮೊದಲು ಬಿಚ್ಚುವುದೂ ಆ ಪಾತ್ರೆಗಳನ್ನೇ. ಕಲಾವಿದರಿಗೆ ಕಂಪನಿಯಲ್ಲಿಯೇ ಊಟ, ಕಂಪನಿಯಲ್ಲಿಯೇ ವಾಸ. ಅಲ್ಲಿಯೇ ಮಕ್ಕಳು ಹುಟ್ಟಿ, ಬಾಲಪಾತ್ರ ಮಾಡಿ, ನಾಂದಿಪದ್ಯ ಹಾಡುತ್ತ ಬೆಳೆದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದರಿಂದ ಅವರ ಮಗ ಮುತ್ತುರಾಜನಿಗೂ ಬಣ್ಣದ ಮನೆಯೇ ಪಾಠಶಾಲೆಯಾಯಿತು. ಆ ಹುಡುಗ 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರದ ಮೂಲಕ ರಾಜಕುಮಾರರಾದರು. ಮುಂದೆ ನಾಟಕ ನಿರ್ದೇಶಕರಾಗಿ ಹೆಸರಾದ ಬಿ. ವಿ. ಕಾರಂತರು ಮನೆ ಬಿಟ್ಟು ಬಂದು ಸೇರಿಕೊಂಡದ್ದೂ ಇದೇ ಕಂಪನಿಯನ್ನು, ಮತ್ತು ಅವರನ್ನು ಓದಲು ಕಾಶಿಗೆ ಕಳುಹಿಸಿದವರು ವೀರಣ್ಣನವರೇ. ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಇವರೆಲ್ಲ ಅದೇ ಪಂಕ್ತಿಯಲ್ಲಿ ಊಟ ಮಾಡಿದವರು. ಕನ್ನಡ ಚಲನಚಿತ್ರವೂ ಹವ್ಯಾಸಿ ರಂಗಭೂಮಿಯೂ ವೃತ್ತಿ ಕಂಪನಿಗೆ ಎಷ್ಟು ಋಣಿಯಾಗಿವೆಯೆಂಬುದನ್ನು ಆ ಎರಡೂ ಕ್ಷೇತ್ರಗಳು ಸಾಕಷ್ಟು ಬಾರಿ ಹೇಳಿಲ್ಲ.

ಸಿನಿಮಾ ಕಂಪನಿಗಳನ್ನು ಕೊಂದಿತೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಮಾತಿಲ್ಲದ ಚಿತ್ರಗಳ ಕಾಲದಿಂದಲೇ ವೀರಣ್ಣನವರು ಸಿನಿಮಾ ತಯಾರಿಕೆಗೂ ಕೈಹಾಕಿದ್ದರು. ಬೇಡರ ಕಣ್ಣಪ್ಪವೂ ಗುಬ್ಬಿ ಕಂಪನಿಯ ಹೆಸರಿನೊಂದಿಗೆ ಬಂದ ಚಿತ್ರವೇ. ಆದರೆ ಸಿನಿಮಾಕ್ಕೆ ಹೋದ ನಟ ತಿರುಗಿ ಬರಲಿಲ್ಲ, ಮತ್ತು ಒಂದು ಡಬ್ಬಿಯ ರೀಲು ಊರಿಂದೂರಿಗೆ ಹೋಗುವ ಖರ್ಚಿನೊಡನೆ ನೂರಾರು ಜನರ ತಂಡದ ಖರ್ಚು ಸ್ಪರ್ಧಿಸಲಾಗಲಿಲ್ಲ. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಮಧ್ಯಾಹ್ನ ದಾವಣಗೆರೆ. ಇದು ಗುರು ಕರಿಬಸವ ರಾಜೇಂದ್ರರ ಹೆಸರು ಹೊತ್ತ ಕೆ.ಬಿ.ಆರ್. ಡ್ರಾಮಾ ಕಂಪನಿಯ ನೆಲೆ. ಚಿಂದೋಡಿ ವೀರಪ್ಪನವರು ಕಟ್ಟಿದ ಈ ಕಂಪನಿಯನ್ನು ಅವರ ಮಕ್ಕಳು, ವಿಶೇಷವಾಗಿ ಚಿಂದೋಡಿ ಲೀಲಾ ಅವರು, ಸಿನಿಮಾದ ಉಚ್ಛ್ರಾಯ ಕಾಲದಲ್ಲಿಯೂ ನಡೆಸಿದರು. ಪೌರಾಣಿಕ ನಾಟಕಗಳ ಭಾರೀ ಸೀನರಿಯ ಬದಲು ಹಳ್ಳಿಯ ಬಡತನ, ವರದಕ್ಷಿಣೆ, ಗೌಡನ ದರ್ಪ ಮುಂತಾದ ವಸ್ತುಗಳ ಸಾಮಾಜಿಕ ನಾಟಕಗಳು ಮುಂದೆ ಬಂದದ್ದು ಈ ಕಾಲದಲ್ಲಿ. ಅಂಥ ನಾಟಕಕ್ಕೆ ಮೂರು ನಾಲ್ಕು ಪರದೆ ಸಾಕು, ಜನವೂ ಕಡಿಮೆ ಸಾಕು. ಮತ್ತು ಒಬ್ಬ ಸಮರ್ಥ ನಾಯಕಿಯಿದ್ದರೆ ಅದು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಓಡಬಲ್ಲದು. ಲೀಲಾ ಅವರು ಅಂಥ ನಾಯಕಿಯೂ ಹೌದು, ಲೆಕ್ಕಪುಸ್ತಕ ನೋಡುವ ಮಾಲೀಕಳೂ ಹೌದು. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ರಂಗಭೂಮಿಯಲ್ಲಿ ಹೆಣ್ಣುಮಗಳೊಬ್ಬಳು ಕಂಪನಿಯ ಯಜಮಾನಿಕೆ ನಡೆಸುವವರೆಗೆ ಬಂದದ್ದು ಸಣ್ಣ ದಾರಿಯಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1958ರಲ್ಲಿ ಸ್ತ್ರೀಯರದೇ ನಾಟಕ ಮಂಡಳಿ ಕಟ್ಟಿ, ಕಂಸನಂಥ ಗಂಡುಪಾತ್ರಗಳನ್ನು ತಾವೇ ವಹಿಸಿದರು. 1988ರಲ್ಲಿ ಲೀಲಾ ಅವರಿಗೂ 2012ರಲ್ಲಿ ನಾಗರತ್ನಮ್ಮನವರಿಗೂ ಪದ್ಮಶ್ರೀ ದೊರೆಯಿತು.

ಸಂಜೆ ಊರು ಸುತ್ತಿ, ರಾತ್ರಿ ಬೇಗ ಮಲಗಿದೆ.

ಭಾನುವಾರ, ಗದಗ

ದಾವಣಗೆರೆ ಬಿಟ್ಟ ಸ್ವಲ್ಪ ಹೊತ್ತಿಗೆ ಹರಿಹರ, ಅದನ್ನು ದಾಟಿದರೆ ತುಂಗಭದ್ರೆಯ ಸೇತುವೆ. 1956ಕ್ಕೆ ಮೊದಲು ಈ ನದಿ ರಾಜ್ಯದ ಗಡಿಯಾಗಿತ್ತು. ಇತ್ತ ಮೈಸೂರು ಸಂಸ್ಥಾನ, ಅತ್ತ ಮುಂಬಯಿ ಪ್ರಾಂತ. ಇತ್ತ ಕನ್ನಡ ನಾಟಕಕ್ಕೆ ಅರಮನೆಯ ಮನ್ನಣೆಯಾದರೂ ಇತ್ತು; ಅತ್ತ ಶಾಲೆಯಲ್ಲಿ, ಕಚೇರಿಯಲ್ಲಿ, ರಂಗದಲ್ಲಿ ಮರಾಠಿಯ ಪ್ರಾಬಲ್ಯ. ಮರಾಠಿ ರಂಗಭೂಮಿಯ ಆರಂಭಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳದವರು ಸಾಂಗ್ಲಿಯಲ್ಲಿ ಆಡಿದ ಆಟವೇ ಎಂಬುದು ಪ್ರಸಿದ್ಧ ಸಂಗತಿ; 1843ರಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರ ಆಡಿಸಿದ್ದು ಅದರ ಮರುವರ್ಷ. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ನೆಲದಿಂದ ಹೋದದ್ದು ಮರಾಠಿಯಾಗಿ ಬೆಳೆದು, ದೊಡ್ಡ ಕಂಪನಿಗಳಾಗಿ ಹುಬ್ಬಳ್ಳಿ ಧಾರವಾಡಗಳಿಗೆ ಬಂದು, ಇಲ್ಲಿನ ಪ್ರೇಕ್ಷಕರನ್ನು ಗೆದ್ದಿತ್ತು.

ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಗದಗಿಗೆ ಬಂದಾಗ ಹೊತ್ತು ಏರಿತ್ತು. ನೇರವಾಗಿ ವೀರನಾರಾಯಣ ದೇವಾಲಯಕ್ಕೆ ಹೋದೆ. ಕುಮಾರವ್ಯಾಸ ಇಲ್ಲಿನ ಕಂಬದ ಬಳಿ ಕುಳಿತು ಭಾರತ ಬರೆದನೆಂಬ ಪ್ರತೀತಿಯಿಂದ ಬರುವವರೇ ಹೆಚ್ಚು. ನಾನು ಬಂದದ್ದು ಇನ್ನೊಂದು ಕಾರಣಕ್ಕೆ. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಶಾಲಾ ಶಿಕ್ಷಕರಾಗಿದ್ದು, ಮರಾಠಿ ನಾಟಕಗಳ ಎದುರು ಕನ್ನಡದಲ್ಲಿಯೇ ನಾಟಕ ಬರೆದು ಆಡಿಸಬೇಕೆಂದು ಹಟ ತೊಟ್ಟು, 1870ರ ದಶಕದಲ್ಲಿ ಕಟ್ಟಿದ ತಂಡದ ಹೆಸರು ‘ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’. ಕೃತಪುರವೆಂದರೆ ಗದಗು, ಇಲ್ಲಿಯೂ ದೇವರು ಮೊದಲು, ಊರು ಆಮೇಲೆ. ಉಷಾಹರಣ ಅವರ ಮೊದಲ ನಾಟಕಗಳಲ್ಲೊಂದು. ಗುಬ್ಬಿಯವರಿಗೆ ಪ್ರೇಕ್ಷಕರನ್ನು ಸೆಳೆಯುವುದಷ್ಟೇ ಕೆಲಸವಾಗಿತ್ತು. ಶಾಂತಕವಿಗಳಿಗೆ ಕನ್ನಡದಲ್ಲಿ ನಾಟಕ ನೋಡಬಹುದೆಂಬ ನಂಬಿಕೆಯನ್ನೇ ಮೊದಲು ಹುಟ್ಟಿಸಬೇಕಾಗಿತ್ತು. ಗಂಟೆಗಟ್ಟಲೆ ದೇವಾಲಯದ ಪ್ರಾಕಾರದಲ್ಲಿ ಕುಳಿತು, ಸಂಬಳದ ಮೇಷ್ಟರೊಬ್ಬರು ಈ ಭಾರವನ್ನು ಹೇಗೆ ಹೊತ್ತಿರಬಹುದೆಂದು ಯೋಚಿಸಿದೆ. ಅವರ ಹೆಸರನ್ನು ಕನ್ನಡಿಗರು ಇನ್ನೂ ಹೆಚ್ಚು ಹೇಳಬೇಕು.

ಅವರ ನಂತರ ಇದೇ ಊರನ್ನು ನೆಲೆಯಾಗಿಸಿಕೊಂಡು ಗರೂಡ ಸದಾಶಿವರಾಯರು ದತ್ತಾತ್ರೇಯ ನಾಟಕ ಮಂಡಳಿಯನ್ನು ನಡೆಸಿದರು. ವಿಜಯನಗರದ ಇತಿಹಾಸದಿಂದ ಎತ್ತಿಕೊಂಡ ಅವರ ಎಚ್ಚಮನಾಯಕ, ಕನ್ನಡದ ಅಭಿಮಾನವನ್ನು ರಂಗದ ಮೇಲೆ ಗಟ್ಟಿದನಿಯಲ್ಲಿ ನುಡಿಸಿತು.

ಮಧ್ಯಾಹ್ನ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ಈ ಆಶ್ರಮವನ್ನು ಎಲ್ಲರೂ ಬಲ್ಲರು. ಅದರ ಬೆನ್ನಿಗೆ ಒಂದು ನಾಟಕ ಕಂಪನಿ ಇತ್ತೆಂಬುದು ದಕ್ಷಿಣದ ಓದುಗರಲ್ಲಿ ಹಲವರಿಗೆ ತಿಳಿದಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಬೆಳೆದ ಪಂಚಾಕ್ಷರಿ ಗವಾಯಿಗಳು, ಸ್ವತಃ ಅಂಧರು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಆ ಸಂಚಾರಿ ಪಾಠಶಾಲೆಗೆ ಅನ್ನ ಒದಗಿಸಲು ಕುಮಾರೇಶ್ವರರೆಂದೂ ಕರೆಯಲ್ಪಡುವ ಆ ಸ್ವಾಮಿಗಳ ಹೆಸರಿನಲ್ಲಿ ನಾಟಕ ಮಂಡಳಿಯೂ ನಡೆಯಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮವನ್ನೂ ನಾಟಕವನ್ನೂ ಪುಟ್ಟರಾಜ ಗವಾಯಿಗಳು ಹೊತ್ತರು. ಅವರೂ ಅಂಧರೇ, ನಾಟಕಗಳನ್ನು ರಚಿಸಿದರು, ಕಲಿಸಿದರು, ಹಾರ್ಮೋನಿಯಂ ನುಡಿಸಿದರು, 2010ರಲ್ಲಿ ತೀರಿಕೊಳ್ಳುವವರೆಗೂ ಆ ಮಂಡಳಿಯ ಕೈಬಿಡಲಿಲ್ಲ. ಟಿಕೆಟ್ಟಿನ ಹಣ ಮಾಲೀಕನ ಲಾಭಕ್ಕೋ ಸಾಲಕ್ಕೋ ಹೋಗುವುದನ್ನು ಎಲ್ಲ ಕಂಪನಿಗಳಲ್ಲಿ ಕಾಣಬಹುದು; ಇಲ್ಲಿ ಅದು ಅನಾಥ ಮಗುವಿನ ತಟ್ಟೆಗೆ ಹೋಯಿತು. ವೃತ್ತಿ ರಂಗಭೂಮಿಯನ್ನು ಕೀಳಾಗಿ ಕಾಣುವವರು ಈ ಒಂದು ಕಂಪನಿಯ ಕಥೆಯನ್ನಾದರೂ ತಿಳಿದು ಮಾತನಾಡಬೇಕು.

ಸಂಗೀತ ಮತ್ತು ನಾಟಕ ಈ ಸೀಮೆಯಲ್ಲಿ ಎಂದೂ ಬೇರೆಯಾಗಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿದ್ದು ಶಿಷ್ಯರಾದರು; ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳೂ ಕಂಪನಿಯ ರಂಗದಲ್ಲಿ ಹಾಡಿದವರೇ. ಬೀಳಗಿಯ ಸೋದರಿಯರಲ್ಲಿ ಅಮೀರಬಾಯಿ ಹಿಂದಿ ಚಿತ್ರಗೀತೆಗಳಿಗೂ, ಗೋಹರಬಾಯಿ ಬಾಲಗಂಧರ್ವರ ಮರಾಠಿ ಕಂಪನಿಗೂ ಹೋಗಿ ಪ್ರಸಿದ್ಧರಾದರು. ರಾತ್ರಿಯೆಲ್ಲ ಮೈಕಿಲ್ಲದೆ ಹಿಂದಿನ ಸಾಲಿನವರಿಗೂ ಕೇಳುವಂತೆ ಹಾಡಬೇಕಾಗಿದ್ದ ಆ ದಿನಗಳ ಕಂಪನಿ, ಕಂಠಕ್ಕೆ ಕೊಟ್ಟ ಸಾಧನೆ ಯಾವ ಸಂಗೀತ ವಿದ್ಯಾಲಯದ ಸಾಧನೆಗೂ ಕಡಿಮೆಯದಲ್ಲ.

ಸೋಮವಾರ, ಬಾದಾಮಿ ಮತ್ತು ಬನಶಂಕರಿ

ಗದಗಿನಿಂದ ಉತ್ತರಕ್ಕೆ ಹೋಗುವ ಹಳಿ ಹೊಳೆಆಲೂರು ದಾಟಿ ಬಾದಾಮಿಗೆ ಬರುತ್ತದೆ. ನಿಲ್ದಾಣದಿಂದ ಊರು, ಊರಿನಿಂದ ಚೊಳಚಗುಡ್ಡದ ಬನಶಂಕರಿ ಕ್ಷೇತ್ರ, ಇಷ್ಟೂ ದಾರಿ ಜಾತ್ರೆಯ ಜನ. ರಥೋತ್ಸವ ಮುಗಿದಿದ್ದರೂ ಜಾತ್ರೆ ಮುಗಿದಿರಲಿಲ್ಲ. ಬನದ ಹುಣ್ಣಿಮೆಯಿಂದ ಹಿಡಿದು ತಿಂಗಳಿನಷ್ಟು ಕಾಲ ಇಲ್ಲಿ ನಾಟಕಗಳು ನಡೆಯುತ್ತವೆ. ಹರಿದ್ರಾತೀರ್ಥದ ಹೊಂಡವನ್ನು ಸುತ್ತಿ, ದೇವಿಯ ದರ್ಶನ ಮುಗಿಸಿ ಹೊರಬಂದರೆ ರಸ್ತೆಯ ಪಕ್ಕ ತಗಡಿನ ಥಿಯೇಟರುಗಳು ಒಂದರ ಪಕ್ಕ ಒಂದು ನಿಂತಿದ್ದವು. ಪ್ರತಿಯೊಂದರ ಮುಂದೆಯೂ ಕಲಾವಿದರ ಆಳೆತ್ತರದ ಚಿತ್ರಗಳ ಫಲಕ, ಧ್ವನಿವರ್ಧಕದಲ್ಲಿ ನಾಟಕದ ಹೆಸರು ಕೂಗುವ ಒಂದು ಕಂಠ.

ನಾಟಕ ಬರೆದವರ ಸೀಮೆಯೂ ಇದೇ. ರಕ್ತರಾತ್ರಿಯ ಕರ್ತೃ ಕಂದಗಲ್ಲ ಹನುಮಂತರಾಯರು ಈ ಭಾಗದವರು; ಶಕುನಿಗೆ ಅವರು ಬರೆದ ಮಾತುಗಳನ್ನು ಬಾಯಿಪಾಠ ಹೇಳುವ ರೈತರು ಇಂದಿಗೂ ಹಳ್ಳಿಗಳಲ್ಲಿ ಸಿಗುತ್ತಾರೆ. ಸಂಪತ್ತಿಗೆ ಸವಾಲ್ ಬರೆದ ಧುತ್ತರಗಿಯವರೂ ಇದೇ ಸೀಮೆಯವರು. ಆ ನಾಟಕ 1974ರಲ್ಲಿ ಚಿತ್ರವಾಗಿ ನಾಡೆಲ್ಲ ಹರಡಿತು. ಬೆಳಗಾವಿ ಜಿಲ್ಲೆಯ ಏಣಗಿಯಿಂದ ಬಂದ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಆರಂಭಿಸಿ, ಸ್ವಂತದ ಕಲಾವೈಭವ ನಾಟ್ಯಸಂಘ ಕಟ್ಟಿ, ಬಸವಣ್ಣನ ಪಾತ್ರದಿಂದ ಜನರ ಕೈ ಮುಗಿಸಿಕೊಂಡು, 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಮಧ್ಯಾಹ್ನ ಒಂದು ಕಂಪನಿಯ ಬಿಡಾರಕ್ಕೆ ಹೋಗಿ ಮ್ಯಾನೇಜರರನ್ನು ಭೇಟಿಯಾದೆ. “ಬರ್ರಿ ಸರ, ಕುಂದರ್ರಿ. ರಾತ್ರಿ ಆಟ ಮುಗಿಸಿ ಮಲಗಿದವ್ರು ಈಗ ಏಳಾಕತ್ತಾರ,” ಎಂದು ಕುರ್ಚಿ ಎಳೆದರು. ರಂಗದ ಹಿಂದೆಯೇ ತಗಡಿನ ಗೋಡೆಗಳಿಂದ ಪಾಲು ಮಾಡಿದ ಖೋಲಿಗಳು, ಒಂದು ಮೂಲೆಯಲ್ಲಿ ಒಲೆ, ದೊಡ್ಡ ಬೋಗುಣಿಯಲ್ಲಿ ಸಾರು, ರೊಟ್ಟಿ ತಟ್ಟುತ್ತಿದ್ದ ಇಬ್ಬರು. ಶನಿವಾರ ರೈಲಿನಲ್ಲಿ ಕುಳಿತು ನೆನೆದಿದ್ದ ಕಂಪನಿಯ ಅಡುಗೆಮನೆ ಇಲ್ಲಿ ಜೀವಂತವಾಗಿತ್ತು. ಒಬ್ಬ ಹುಡುಗಿ ಶಾಲೆಯ ಪುಸ್ತಕ ಹಿಡಿದು ಕುಳಿತಿದ್ದಳು. ಅವಳ ತಾಯಿ ರಾತ್ರಿಯ ನಾಯಕಿ. ಮಗಳನ್ನು ಊರಿನಲ್ಲಿ ಅಜ್ಜಿಯ ಮನೆಯಲ್ಲಿಟ್ಟು ಓದಿಸುತ್ತಿರುವುದಾಗಿಯೂ, ಜಾತ್ರೆಗೆಂದು ಬಂದಿರುವುದಾಗಿಯೂ ಆಕೆ ಹೇಳಿದರು. ಮಗಳೂ ಬಣ್ಣ ಹಚ್ಚುವಳೇ ಎಂದು ಕೇಳಿದೆ. “ಬ್ಯಾಡ ಸರ. ನಾ ನಮ್ಮವ್ವನ ಕೂಡ ಬಂದೆ, ಆಕಿ ತನ್ನ ಸಾಲಿ ತಾ ಕಲೀಲಿ,” ಎಂದರು. ಕಂಪನಿಯಲ್ಲಿಯೇ ಹುಟ್ಟಿ ಬೆಳೆಯುವ ನಟರ ಪರಂಪರೆ ನಿಲ್ಲುತ್ತಿರುವುದು ಕಲೆಗೆ ನಷ್ಟವಾದರೂ ಆ ತಾಯಿಯ ನಿರ್ಧಾರಕ್ಕೆ ಎದುರಾಡುವ ಹಕ್ಕು ನಮಗಿಲ್ಲ.

ಆರ್ಥಿಕ ವಿಷಯವನ್ನು ಮ್ಯಾನೇಜರರು ಮುಚ್ಚಿಡಲಿಲ್ಲ. ವರ್ಷದ ಉಳಿದ ಕ್ಯಾಂಪುಗಳಲ್ಲಿ ಆದ ಸಾಲವನ್ನು ಈ ಜಾತ್ರೆಯ ಗಳಿಕೆಯಿಂದ ತೀರಿಸಬೇಕು. ಅಕಾಲ ಮಳೆಯೋ ಜಾತ್ರೆ ರದ್ದಾಗುವಂಥ ರೋಗದ ಕಾಲವೋ ಬಂದರೆ ಇಡೀ ವರ್ಷ ಮುಳುಗುತ್ತದೆ. 2020ರ ನಂತರದ ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತು ಹಲವು ಕಲಾವಿದರು ಕೂಲಿಗೂ ಹೋಗಬೇಕಾಯಿತೆಂದು ಅವರು ಹೇಳುವಾಗ ಸುತ್ತಲಿದ್ದವರು ತಲೆದೂಗಿದರು. ಹೆಸರಾದ ಕಲಾವಿದರು ಕಂಪನಿಗಳ ನಡುವೆ ಮುಂಗಡ ಹಣದ ಮೇಲೆ ಬದಲಾಗುತ್ತಾರೆ. ಹಾರ್ಮೋನಿಯಂ ಮಾಸ್ತರರ ಜಾಗಕ್ಕೆ ಕ್ಯಾಸಿಯೊ ಕೀಬೋರ್ಡ್, ತಬಲಾದ ಜೊತೆಗೆ ರಿದಂ ಪ್ಯಾಡ್ ಬಂದಿವೆ. ಸಾಮಾನು ಈಗ ರೈಲಿನಲ್ಲಲ್ಲ, ಲಾರಿಯಲ್ಲಿ ಹೋಗುತ್ತದೆ. ಲಾರಿ ಬಂದದ್ದರಿಂದ ಹಳಿಯಿಲ್ಲದ ಊರುಗಳ ಜಾತ್ರೆಗಳೂ ಕಂಪನಿಗೆ ಸಿಕ್ಕವು, ಆದರೆ ಲಾರಿಯಲ್ಲಿ ಹಿಡಿಸುವಷ್ಟೇ ಸೀನರಿ ಉಳಿಯಿತು.

ರಾತ್ರಿಯ ಆಟಕ್ಕೆ ಟಿಕೆಟ್ ಕೊಂಡು ಮಧ್ಯದ ಸಾಲಿನಲ್ಲಿ ಕುಳಿತೆ. ಒಂದು ಆಟ ಮುಗಿದು ಜನ ಹೊರಗೆ ಹೋಗುತ್ತಿದ್ದಂತೆ ಇನ್ನೊಂದಕ್ಕೆ ಜನ ಒಳಗೆ ಬರುತ್ತಿದ್ದರು. ಎತ್ತಿನ ಗಾಡಿಯ ಬದಲು ಟ್ರ್ಯಾಕ್ಟರ್, ಟಂಟಂಗಳಲ್ಲಿ ಬಂದ ಕುಟುಂಬಗಳು, ಕಂಬಳಿ ಹೊದ್ದ ಮುದುಕರು, ನಿದ್ದೆಹೋದ ಮಕ್ಕಳು. ನಾಂದಿಯ ನಂತರ ಪರದೆ ಏರಿತು. ಹಾಸ್ಯ ದೃಶ್ಯಗಳಲ್ಲಿ ದ್ವಂದ್ವಾರ್ಥದ ಮಾತು ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ, ಅದರಿಂದಲೇ ಹಲವು ಮನೆಗಳ ಹೆಣ್ಣುಮಕ್ಕಳು ನಾಟಕದಿಂದ ದೂರವಾಗಿದ್ದಾರೆಂಬುದೂ ನಿಜ. ಆದರೆ ಮಧ್ಯಾಹ್ನ ರೊಟ್ಟಿ ತಿನ್ನುತ್ತ ಮಗಳ ಶಾಲೆಯ ಮಾತಾಡಿದ್ದ ಆ ನಾಯಕಿ, ಎರಡನೆಯ ಅಂಕದಲ್ಲಿ ಅಣ್ಣನ ಮನೆಯ ಹೊಸ್ತಿಲಿನಲ್ಲಿ ನಿಂತು ತವರಿನ ಪಾಲು ಬೇಡ, ಮಾತೊಂದು ಸಾಕು ಎಂದು ಕೇಳುವ ದೃಶ್ಯದಲ್ಲಿ ಇಡೀ ಥಿಯೇಟರ್ ಉಸಿರು ಬಿಗಿಹಿಡಿಯಿತು. ನನ್ನ ಪಕ್ಕದ ರೈತರು ಟವೆಲಿನಿಂದ ಕಣ್ಣೊರೆಸಿಕೊಂಡು, “ಒನ್ಸ್ ಮೋರ್” ಎಂದು ಕೂಗಿದರು, ಮತ್ತು ಆಕೆ ಆ ಹಾಡನ್ನು ಮತ್ತೊಮ್ಮೆ ಮೊದಲಿನಿಂದ ಹಾಡಿದರು. ಗುಬ್ಬಿಯವರನ್ನೂ ಶಾಂತಕವಿಗಳನ್ನೂ ನಡೆಸಿದ ಶಕ್ತಿ ಯಾವುದೆಂದು ಪುಸ್ತಕಗಳಿಂದ ಅರಿತದ್ದಕ್ಕಿಂತ ಹೆಚ್ಚಾಗಿ ಆ ಕ್ಷಣದಲ್ಲಿ ಅರಿತೆ.

ಮಂಗಳವಾರ, ಬನಶಂಕರಿ

ಬೆಳಿಗ್ಗೆ ಹೊರಡುವ ಮೊದಲು ಮತ್ತೆ ಬಿಡಾರಕ್ಕೆ ಹೋದೆ. ಕಂಪನಿ ಇದುವರೆಗೆ ಯಾವ ಯಾವ ಊರಿನಲ್ಲಿ ಎಷ್ಟು ದಿನ ಕ್ಯಾಂಪ್ ಮಾಡಿತು, ಯಾವ ನಾಟಕ ಎಷ್ಟು ಪ್ರಯೋಗ ಕಂಡಿತು ಎಂಬುದನ್ನು ಬರೆದಿಟ್ಟಿದ್ದೀರಾ ಎಂದು ಮ್ಯಾನೇಜರರನ್ನು ಕೇಳಿದೆ. ಕಲೆಕ್ಷನ್ ಪುಸ್ತಕಗಳಿವೆ, ಹಳೆಯವು ಗೆದ್ದಲು ಹಿಡಿದಿವೆ, ಕೆಲವು ಮಾಲೀಕರ ಮನೆಯ ಅಟ್ಟದಲ್ಲಿರಬಹುದು ಎಂದರು. ಊರು, ತಾರೀಖು, ನಾಟಕ, ಮಳೆ ಬಂದಿತ್ತೋ ಇಲ್ಲವೋ, ಗೇಟಿನಲ್ಲಿ ಬಂದ ಹಣ, ಅಂದಿನ ಊಟದ ಖರ್ಚು ಇಷ್ಟೂ ಇರುವ ಆ ಪುಸ್ತಕಗಳೇ ಕಂಪನಿಯ ಚರಿತ್ರೆ. ಇವನ್ನು ನಮ್ಮ ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಆದಷ್ಟು ಬೇಗ ಸಂಗ್ರಹಿಸಿ, ಪುಟಪುಟವನ್ನೂ ಸ್ಕ್ಯಾನ್ ಮಾಡಿಡಬೇಕು. ನಟರ ಸಂದರ್ಶನಗಳು ಎಷ್ಟೋ ಬಂದಿವೆ. ಲೆಕ್ಕದ ಪುಸ್ತಕವನ್ನು ಓದಿದವರು ಕಡಿಮೆ. ಮ್ಯಾನೇಜರರ ಕೈಯಲ್ಲಿದ್ದ ಈ ವರ್ಷದ ಪುಸ್ತಕದ ಕೆಲವು ಪುಟಗಳ ಛಾಯಾಚಿತ್ರ ತೆಗೆದುಕೊಳ್ಳಲು ಅವರು ಅನುಮತಿ ಕೊಟ್ಟರು; ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ.

ಮುಂದಿನ ಕ್ಯಾಂಪ್ ಎಲ್ಲಿ ಎಂದು ಕೇಳಿದಾಗ ಅವರು ಕೊಟ್ಟೂರಿನ ತೇರಿಗೆ ಹೋಗುವ ವಿಚಾರವಿದೆ ಎಂದರು. ಅಲ್ಲಿಂದ ಮುಂದೆ ಬೇಸಿಗೆಯಲ್ಲಿ ಹುಲಿಗಿಯ ಹುಲಿಗೆಮ್ಮನ ಜಾತ್ರೆ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅದರ ಜಾಗಕ್ಕೆ ಪೈಪೋಟಿ ಹೆಚ್ಚು. ಕೊಟ್ಟೂರಿನಲ್ಲಿ ಜಾಗದ ಮಾತುಕತೆ ನಡೆಸಲು ಒಬ್ಬರು ಅಂದು ಸಂಜೆಯ ಬಸ್ಸಿಗೆ ಹೊರಡುವವರಿದ್ದರು, ಮತ್ತು ಮ್ಯಾನೇಜರರು ಅವರ ಕೈಗೆ ಮುಂಗಡದ ಹಣ ಎಣಿಸಿ ಕೊಡುತ್ತಿದ್ದರು.